ಹೊಗೆಯ ಲೆಕ್ಕ, ನೀರಿನ ಲೆಕ್ಕ

‘ಹವಾಮಾನ ಬದಲಾವಣೆಗೆ ನಾವೆಲ್ಲರೂ ಕಾರಣ.’ ಜೂನ್ 5 ಬಂತೆಂದರೆ ಈ ವಾಕ್ಯ ಎಲ್ಲ ಕಡೆ ಕೇಳಿಸುತ್ತದೆ. ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವವರ ಭಾಷಣದಲ್ಲಿ, ಕಾಲೇಜಿನ ಪ್ರಬಂಧ ಸ್ಪರ್ಧೆಯಲ್ಲಿ, ಪತ್ರಿಕೆಗಳ ವಿಶೇಷ ಪುಟದಲ್ಲಿ. ಕೇಳುವುದಕ್ಕೆ ಬಹಳ ವಿನಯದ ಮಾತು. ಯಾರನ್ನೂ ಬೈಯುವುದಿಲ್ಲ, ಯಾರಿಗೂ ನೋವಾಗುವುದಿಲ್ಲ. ನನ್ನ ತಕರಾರು ಇರುವುದು ಅಲ್ಲೇ. ಯಾರಿಗೂ ನೋವಾಗದ ಮಾತಿನಿಂದ ಯಾರ ಹೊಗೆಯೂ ತಗ್ಗುವುದಿಲ್ಲ.

ಇದು ಸಾಹಿತ್ಯದ ಪತ್ರಿಕೆ, ಹಾಗಾಗಿ ವ್ಯಾಕರಣದಿಂದಲೇ ಶುರು ಮಾಡುತ್ತೇನೆ. ನಮ್ಮ ಜಿಲ್ಲೆಯ ಗಡಿಗೆ ತಾಗಿಕೊಂಡಿರುವ ತೆಲುಗಿನಲ್ಲಿ ‘ನಾವು’ ಎನ್ನುವುದಕ್ಕೆ ಎರಡು ಪದಗಳಿವೆ. ಕೇಳುವವನನ್ನೂ ಸೇರಿಸಿಕೊಂಡು ಹೇಳುವಾಗ ‘ಮನಂ’, ಅವನನ್ನು ಹೊರಗಿಟ್ಟು ಹೇಳುವಾಗ ‘ಮೇಮು’. ಇಂದಿನ ಕನ್ನಡದಲ್ಲಿ ಈ ಭೇದವಿಲ್ಲ, ಎರಡಕ್ಕೂ ಒಂದೇ ‘ನಾವು’. ಹವಾಮಾನದ ಭಾಷಣಕಾರರಿಗೆ ಇದು ದೊಡ್ಡ ಅನುಕೂಲ. ಹೊಗೆ ಯಾರದು ಎಂದು ಕೇಳಿದಾಗ ಎಲ್ಲರನ್ನೂ ಒಳಗೆ ಕರೆದುಕೊಳ್ಳುವ ‘ನಾವು’, ಹೊಗೆಯಿಂದ ಬಂದ ಸುಖ ಯಾರದು ಎಂದು ಕೇಳಿದಾಗ ಕೆಲವರನ್ನಷ್ಟೇ ಉಳಿಸಿಕೊಳ್ಳುವ ‘ನಾವು’. ಪದ ಒಂದೇ ಆದ್ದರಿಂದ ಜನ ಬದಲಾದದ್ದು ಗೊತ್ತಾಗುವುದಿಲ್ಲ.

ನಾನು ಶಹಾಪುರ ತಾಲ್ಲೂಕಿನ ಶಿರವಾಳದವನು. ಹಳೆಯ ಕಲ್ಲಿನ ಗುಡಿಗಳಿಂದ ಹೆಸರಾದ ಊರು. ಈ ಸೀಮೆಯ ಒಬ್ಬ ಕೂಲಿ ಹೆಣ್ಣುಮಗಳ ಮನೆಯ ಹೊಗೆಯನ್ನು ಲೆಕ್ಕ ಹಾಕೋಣ. ಎರಡು ಎಲ್ಇಡಿ ಬಲ್ಬು, ಒಂದು ಫ್ಯಾನು, ಒಂದು ಮೊಬೈಲು. ದುಡ್ಡಿದ್ದಾಗ ಸಿಲಿಂಡರ್, ಇಲ್ಲದಾಗ ಹತ್ತಿಕಟ್ಟಿಗೆ. ಹೊಲಕ್ಕೆ ಹೋಗುವುದು ಟಂಟಂನಲ್ಲಿ ಹತ್ತು–ಹದಿನೈದು ಜನರ ಜೊತೆ. ಭಾರತದಲ್ಲಿ ತಲಾ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು 2 ಟನ್, ಅಮೆರಿಕದಲ್ಲಿ ಸುಮಾರು 14 ಟನ್ ಎನ್ನುತ್ತವೆ ಅಂಕಿಅಂಶಗಳು. ಜಾಗತಿಕ ಸಭೆಗಳಲ್ಲಿ ನಮ್ಮ ಸರ್ಕಾರ ಈ 2 ಟನ್ನನ್ನು ಎತ್ತಿ ಹಿಡಿಯುತ್ತದೆ. ಎತ್ತಿ ಹಿಡಿಯಲಿ, ಅದು ಸರಿ. ಆದರೆ ಸರಾಸರಿ ಎನ್ನುವುದೂ ಒಂದು ಬಗೆಯ ‘ನಾವು’. ಮೂರು ಕಾರು, ಆರು ಎ.ಸಿ., ತಿಂಗಳಿಗೆ ನಾಲ್ಕು ವಿಮಾನ ಪ್ರಯಾಣದ ಮನೆಯೂ ಈ ಹೆಣ್ಣುಮಗಳ ಮನೆಯೂ ಕೂಡಿ ಆ 2 ಟನ್ ಆಗಿದೆ. ಹೊರಗೆ ಅಮೆರಿಕದ ಮುಂದೆ ನಿಂತಾಗ ಅವಳ ಬಡತನ ನಮ್ಮ ಶ್ರೀಮಂತರಿಗೆ ಗುರಾಣಿ. ಒಳಗೆ ಬಂದಾಗ ಅವಳಿಗೇ ಉಪದೇಶ: ಗಿಡ ನೆಡಿ, ಕಟ್ಟಿಗೆ ಸುಡಬೇಡಿ, ಎಲ್ಲರೂ ಕಾರಣ.

ಇನ್ನು ಹೊಗೆಯ ಫಲ ಯಾರ ಪಾಲಿಗೆ ಬರುತ್ತದೆ ನೋಡೋಣ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಬಿಸಿಲು ಹೊಸದಲ್ಲ. ನಲವತ್ತೆರಡು ಡಿಗ್ರಿ ನಮ್ಮ ಅಜ್ಜಂದಿರಿಗೂ ಗೊತ್ತಿತ್ತು. ಆದರೆ ಆ ಬಿಸಿಲಿನ ಮೇಲೆ ಇನ್ನಷ್ಟು ಬಿಸಿಲು ಕೂಡುತ್ತಿದೆ ಎನ್ನುವುದು ಹೊಸದು. 2024 ಇಡೀ ಭೂಮಿಗೆ ಅದುವರೆಗಿನ ಅತಿ ಬಿಸಿಯ ವರ್ಷ. ಕೈಗಾರಿಕಾ ಯುಗಕ್ಕೆ ಮೊದಲಿನ ಮಟ್ಟಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚು ಎಂದು ವಿಶ್ವ ಹವಾಮಾನ ಸಂಸ್ಥೆ ಹೇಳಿತು. ಒಂದೂವರೆ ಡಿಗ್ರಿ ಎಂದರೆ ತಂಪಿನ ಊರಿನಲ್ಲಿ ಒಂದು ಸ್ವೆಟರ್ ಕಡಿಮೆ. ಮೊದಲೇ ಮೈ ತಾಳುವ ಅಂಚಿನಲ್ಲಿ ದುಡಿಯುವ ಊರಿನಲ್ಲಿ ಅದರ ಅರ್ಥ ಬೇರೆ. ಹಗಲು ಕಾದ ತಗಡಿನ ಸೂರು ನಡುರಾತ್ರಿ ದಾಟಿದರೂ ಆರುವುದಿಲ್ಲ. ನಿದ್ದೆಯಿಲ್ಲದ ಮೈ ಮರುದಿನ ಮತ್ತೆ ಬಿಸಿಲಿಗೆ ಹೋಗುತ್ತದೆ. ಇಲ್ಲಿ ಯಾರನ್ನಾದರೂ ಕೇಳಿ, ಉತ್ತರ ಇಷ್ಟೇ: “ಬಿಸಲಿಗಿ ಅಂಜಿ ಮನ್ಯಾಗ ಕುಂತ್ರ ಹೊಟ್ಟಿ ಹ್ಯಾಂಗ ತುಂಬ್ತದ್ರಿ?”

ಸರ್ಕಾರಕ್ಕೆ ಈ ಬಿಸಿಲು ಗೊತ್ತಿಲ್ಲ ಎನ್ನುವಂತಿಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ಪದ್ಧತಿ ಇದೆ. ಒಳ್ಳೆಯ ಪದ್ಧತಿ. ಉದ್ಯೋಗ ಖಾತ್ರಿ ಕೆಲಸದಲ್ಲೂ ಹಲವು ಬೇಸಿಗೆಗಳಲ್ಲಿ ಈ ಭಾಗದ ಕೂಲಿಕಾರರಿಗೆ ಕೆಲಸದ ಅಳತೆಯಲ್ಲಿ ರಿಯಾಯಿತಿ ಕೊಟ್ಟಿದ್ದಾರೆ. ಕಡಿಮೆ ಮಣ್ಣು ಅಗೆದರೂ ಪೂರ್ತಿ ಕೂಲಿ. ನನ್ನ ಪ್ರಕಾರ ಈ ಭಾಗಕ್ಕೆ ಬಂದ ಹವಾಮಾನ ನೀತಿಗಳಲ್ಲಿ ಇದಕ್ಕಿಂತ ಮನುಷ್ಯತ್ವದ್ದು ಇನ್ನೊಂದಿಲ್ಲ. ಅದನ್ನು ಮಾತ್ರ ಯಾರೂ ಹವಾಮಾನ ನೀತಿ ಎಂದು ಕರೆಯುವುದಿಲ್ಲ. ಖಾಸಗಿ ಹೊಲದಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ, ಕಟ್ಟಡದ ಕೆಲಸದಲ್ಲಿ ಅದು ಅನ್ವಯಿಸುವುದೂ ಇಲ್ಲ. ಹತ್ತಿ ಕೂಲಿ ಕಿಲೋ ಲೆಕ್ಕದಲ್ಲಿ. ನೆರಳಿಗೆ ಕುಳಿತ ಗಂಟೆಗೆ ಕಿಲೋ ಇಲ್ಲ, ಕಿಲೋ ಇಲ್ಲದಿದ್ದರೆ ರೊಕ್ಕ ಇಲ್ಲ. ಇಲ್ಲಿಂದ ಗುಳೆ ಹೋದವರು ಬೆಂಗಳೂರಿನಲ್ಲಿ ಗಾಜಿನ ಕಟ್ಟಡಗಳನ್ನು ಕಟ್ಟುತ್ತಾರೆ. ಕಟ್ಟಿ ಮುಗಿದ ಮೇಲೆ ಕೆಲವಕ್ಕೆ ‘ಹಸಿರು ಕಟ್ಟಡ’ ಎಂಬ ಬಿರುದು ಸಿಗುತ್ತದೆ. ಕಟ್ಟಿದವರು ತಗಡಿನ ಶೆಡ್ಡಿಗೆ ಮರಳುತ್ತಾರೆ.

ಬಿಸಿಲಿನ ಕತೆ ಹೀಗಾದರೆ ಮಳೆಯದು ಇನ್ನೊಂದು. ನಮ್ಮಲ್ಲಿ ಮಳೆಗೆ ತಿಂಗಳ ಹೆಸರಿಲ್ಲ, ನಕ್ಷತ್ರದ ಹೆಸರು. ರೋಹಿಣಿ, ಮೃಗಶಿರ, ಆರಿದ್ರ ಎಂದು ಎಣಿಸಿ ಬಿತ್ತುತ್ತಾರೆ. 2009ರ ಪ್ರವಾಹ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳಲ್ಲಿ ಬಂತು, ಹಸ್ತ ಮಳೆಯ ಹೊತ್ತು. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಳು. 2020ರ ಅಕ್ಟೋಬರ್‌ನಲ್ಲಿ, ಚಿತ್ತಿ ಮಳೆಯ ಹೊತ್ತಿಗೆ, ಭೀಮೆ ಉಕ್ಕಿ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ ದಂಡೆಯ ಊರುಗಳು ನೀರಿಗೆ ಸಿಕ್ಕವು. ಮೂರೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ಯಾವುದೋ ಒಂದು ಪ್ರವಾಹವನ್ನು ತೋರಿಸಿ ‘ಇದು ಹವಾಮಾನ ಬದಲಾವಣೆ’ ಎನ್ನುವುದು ಸುಲಭದ ಮಾತು, ನಾನು ಅದನ್ನು ಆಡುವುದಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು ಎನ್ನುವುದು ಭೌತಶಾಸ್ತ್ರ. ಹಿಡಿದದ್ದನ್ನು ಒಮ್ಮೆಲೇ ಸುರಿಯುತ್ತದೆ. ಸುರಿಯದೆ ಹೋದಾಗ ನೆಲದ ತೇವವನ್ನೂ ಹೆಚ್ಚು ಹೀರುತ್ತದೆ. ಪ್ರವಾಹವೂ ಬರವೂ ಒಂದೇ ಕಾರಣದಿಂದ ಜಾಸ್ತಿಯಾಗುವುದು ಹೀಗೆ. ಹೂವಿನಲ್ಲಿರುವ ತೊಗರಿಗೆ ಅಕಾಲದ ನೀರು ನಿಂತರೆ ಬೇರು ಕೊಳೆಯುತ್ತದೆ. ಹೊಲದ ಒಡೆಯನಿಗೆ ಬೆಳೆ ಪರಿಹಾರ ಸಿಕ್ಕರೂ ಸಿಗಬಹುದು. ಆ ತೊಗರಿ ಕೊಯ್ಯಬೇಕಿದ್ದವಳಿಗೆ ಕಳೆದುಹೋದ ಕೂಲಿಗೆ ಯಾವ ಅರ್ಜಿಯೂ ಇಲ್ಲ.

ಈಗ ನೀತಿಯ ಮಾತಿಗೆ ಬರುತ್ತೇನೆ. 2021ರ ನವೆಂಬರ್‌ನಲ್ಲಿ ಗ್ಲಾಸ್ಗೊ ಸಭೆಯಲ್ಲಿ ಭಾರತ 2070ಕ್ಕೆ ನಿವ್ವಳ ಶೂನ್ಯ ಹೊರಸೂಸುವಿಕೆಯ ಮಾತು ಕೊಟ್ಟಿತು. 2030ಕ್ಕೆ ವಿದ್ಯುತ್ ಸಾಮರ್ಥ್ಯದ ಅರ್ಧ ಭಾಗ ಕಲ್ಲಿದ್ದಲು, ತೈಲ, ಅನಿಲದಂಥ ಇಂಧನಗಳನ್ನು ಬಿಟ್ಟು ಬೇರೆ ಮೂಲಗಳದ್ದಾಗಬೇಕು. ಒಟ್ಟು ಉತ್ಪನ್ನದ ಪ್ರತಿ ರೂಪಾಯಿಗೆ ಬೀಳುವ ಹೊಗೆ 2005ಕ್ಕಿಂತ ಶೇ 45ರಷ್ಟು ಇಳಿಯಬೇಕು. ಮೊದಲ ಗುರಿ ಐದು ವರ್ಷ ಮುಂಚೆಯೇ, 2025ರಲ್ಲಿ, ಮುಟ್ಟಿತು ಎಂದು ಸಂಭ್ರಮಿಸಿದೆವು. ಸಂಭ್ರಮದಲ್ಲಿ ಎರಡು ಪದಗಳನ್ನು ಗಮನಿಸಲಿಲ್ಲ. ‘ಸಾಮರ್ಥ್ಯ’ ಬೇರೆ, ‘ಉತ್ಪಾದನೆ’ ಬೇರೆ. ಸಾಮರ್ಥ್ಯ ಅರ್ಧವಾದರೂ, ನಿಜವಾಗಿ ತಂತಿಯಲ್ಲಿ ಹರಿಯುವ ವಿದ್ಯುತ್ತಿನ ಹೆಚ್ಚಿನ ಪಾಲು ಇನ್ನೂ ಕಲ್ಲಿದ್ದಲಿನದೇ. ಹಾಗೆಯೇ ಪ್ರತಿ ರೂಪಾಯಿಯ ಹೊಗೆ ಇಳಿಯುತ್ತಿರುವಾಗಲೂ ಒಟ್ಟು ಹೊಗೆ ಏರಬಹುದು, ಏರುತ್ತಿದೆ. ಆಕಾಶ ನೋಡುವುದು ಒಟ್ಟು ಹೊಗೆಯನ್ನು, ರೂಪಾಯಿಯ ಲೆಕ್ಕವನ್ನಲ್ಲ.

ಕಲ್ಲಿದ್ದಲು ನಮಗೆ ದೂರದ ವಿಷಯವೂ ಅಲ್ಲ. ಪಕ್ಕದ ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ ಕೃಷ್ಣೆಯ ದಂಡೆಯ ಮೇಲೆ 1985ರಿಂದ ಉರಿಯುತ್ತಿರುವ ಸ್ಥಾವರದ ಸಾಮರ್ಥ್ಯ 1,720 ಮೆಗಾವಾಟ್. ರಾಯಚೂರಿನ ಬಳಿಯೇ ಯರಮರಸ್‌ನಲ್ಲಿ 1,600 ಮೆಗಾವಾಟ್‌ನ ಇನ್ನೊಂದಿದೆ. ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ಬಂದರೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಬೂದಿ ಇಲ್ಲಿಗೆ, ನೀರು ಇಲ್ಲಿಯದು, ಬೆಳಕಿನ ದೊಡ್ಡ ಪಾಲು ಬೇರೆ ಕಡೆಗೆ. ಹಾಗೆಂದು ನಾಳೆಯೇ ಮುಚ್ಚಿ ಎನ್ನುವವನಲ್ಲ ನಾನು. ಅಲ್ಲಿ ಕೆಲಸ ಮಾಡುವವರಲ್ಲಿ ಗುತ್ತಿಗೆ ಕಾರ್ಮಿಕರೂ ಇದ್ದಾರೆ, ಅವರ ಒಲೆಯೂ ಉರಿಯಬೇಕು. ಆದರೆ ಹಳೆಯ ಘಟಕ ಯಾವುದು, ಯಾವ ವರ್ಷ ನಿಲ್ಲುತ್ತದೆ, ನಿಂತಾಗ ಗುತ್ತಿಗೆಯವನಿಗೆ ಏನು ಕೆಲಸ, ಏನು ಸಂಬಳ ಎಂದು ಮುಂಚಿತವಾಗಿ ಬರೆದಿಡುವುದೇ ಹೊಗೆ ತಗ್ಗಿಸುವ ನೀತಿ. ಸಸಿ ನೆಡುವುದು ತೋಟಗಾರಿಕೆ.

ಇಷ್ಟು ಹೇಳಿ ನಿಲ್ಲಿಸಿದರೆ ಲೇಖನ ಸುಲಭವಾಗುತ್ತಿತ್ತು. ತಪ್ಪೆಲ್ಲ ಅಮೆರಿಕದ್ದು, ಬೆಂಗಳೂರಿನದು, ಕಲ್ಲಿದ್ದಲಿನದು. ಶಹಾಪುರ–ಸುರಪುರದ ನಾವು ಬರೀ ಪೆಟ್ಟು ತಿಂದವರು. ಓದಿದವರು ತಲೆದೂಗಿ ಮುಂದೆ ಹೋಗುತ್ತಿದ್ದರು. ಆದರೆ ಈ ‘ಶಹಾಪುರ–ಸುರಪುರದ ನಾವು’ ಎಂಬುದೂ ನಾನು ಮೇಲೆ ಬೈದ ‘ನಾವು’ ಜಾತಿಯದೇ. ಅದನ್ನೂ ಒಡೆದು ನೋಡಬೇಕು. ಒಡೆಯುವ ಜಾಗ ಕಾಲುವೆ.

1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಹಾಕಿದರು. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿಯಿತು. ಅಲ್ಲಿಂದ ಹೊರಟ ಎಡದಂಡೆ ಕಾಲುವೆ ಸುರಪುರ, ಶಹಾಪುರ, ಜೇವರ್ಗಿ ಸೀಮೆಯ ಎರೆಹೊಲಗಳಿಗೆ ನೀರು ತಂದಿತು. ಈ ಯೋಜನೆ ರೂಪಿಸಿದವರ ವಿಚಾರ ಸ್ಪಷ್ಟವಾಗಿತ್ತು: ಇದು ಬರದ ನಾಡು, ಇರುವ ನೀರನ್ನು ತೆಳ್ಳಗೆ ಹಂಚಿ ಆದಷ್ಟು ಹೆಚ್ಚು ಹೊಲಗಳಿಗೆ ಮುಟ್ಟಿಸಬೇಕು. ಜೋಳ, ತೊಗರಿ, ಶೇಂಗಾ, ಹತ್ತಿಯಂಥ ಮಿತ ನೀರಿನ ಬೆಳೆಗಳಿಗೆ ಒತ್ತಾಸೆಯಾಗುವ ನೀರಾವರಿ ಇದು. ಭತ್ತಕ್ಕೂ ಕಬ್ಬಿಗೂ ಅಲ್ಲ. ಕಾಗದದ ಮೇಲೆ ಇವತ್ತಿಗೂ ಇದೇ ಇದೆ. ಭತ್ತ ಹಚ್ಚಿದರೆ ಕಚೇರಿಯ ಭಾಷೆಯಲ್ಲಿ ಅದಕ್ಕೆ ‘ಬೆಳೆ ಪದ್ಧತಿ ಉಲ್ಲಂಘನೆ’ ಎಂದು ಹೆಸರು.

ಆದದ್ದೇನು ಎಂಬುದು ಈ ದಾರಿಯಲ್ಲಿ ಬಸ್ಸಿನಲ್ಲಿ ಹೋದವರಿಗೆಲ್ಲ ಗೊತ್ತು. ಕಾಲುವೆಯ ಮೇಲ್ಭಾಗದಲ್ಲಿ ಕಣ್ಣು ಹಾಯುವವರೆಗೆ ನೀರು ನಿಂತ ಗದ್ದೆ. ಕೊನೆ ಭಾಗಕ್ಕೆ ಬಂದರೆ ಒಣಗಿದ ಹೊಲಗಾಲುವೆ, ಅದರಲ್ಲಿ ಬೆಳೆದ ಜಾಲಿ. ಪ್ರತಿ ವರ್ಷ ನೀರಾವರಿ ಸಲಹಾ ಸಮಿತಿ ಸಭೆ ಸೇರುತ್ತದೆ, ‘ಚಾಲು–ಬಂದ್’ ಲೆಕ್ಕದಲ್ಲಿ ಸರದಿ ಗೊತ್ತಾಗುತ್ತದೆ, ಕೊನೆ ಭಾಗದ ರೈತರು ನೀರಿಗಾಗಿ ಭೀಮರಾಯನಗುಡಿಯ ಕಚೇರಿಗೆ ಬಂದು ಕೂಗುತ್ತಾರೆ. 2023ರ ಜನವರಿ 19ರಂದು ಸುರಪುರ ಸೀಮೆಯ ಕೊಡೇಕಲ್‌ನಲ್ಲಿ ಪ್ರಧಾನಿಯವರು ಈ ಕಾಲುವೆಯ ನವೀಕರಣ ಯೋಜನೆಯನ್ನು ಉದ್ಘಾಟಿಸಿದರು. ಸುಮಾರು 4,700 ಕೋಟಿ ರೂಪಾಯಿಯ ಕೆಲಸ. 10,000 ಕ್ಯುಸೆಕ್ ಹರಿಯುವ ಕಾಲುವೆ, ನಾಲ್ಕೂವರೆ ಲಕ್ಷ ಹೆಕ್ಟೇರ್, ದೂರದಿಂದಲೇ ಏರಿಸಿ ಇಳಿಸಬಲ್ಲ ಗೇಟುಗಳು. ಕೊಡೇಕಲ್ ಕಾಲಜ್ಞಾನದ ಪರಂಪರೆಗೆ ಹೆಸರಾದ ಊರು. ಆದರೆ ಗೇಟು ಎಷ್ಟು ಆಧುನಿಕವಾದರೂ ಅದನ್ನು ಯಾರಿಗಾಗಿ ಏರಿಸಬೇಕು ಎಂದು ಯಂತ್ರ ಹೇಳುವುದಿಲ್ಲ, ಕಾಲಜ್ಞಾನವೂ ಹೇಳುವುದಿಲ್ಲ. ಅದು ರಾಜಕೀಯದ ನಿರ್ಧಾರ.

ಇದಕ್ಕೂ ಹೊಗೆಗೂ ಏನು ಸಂಬಂಧ ಎಂದು ಕೇಳಬಹುದು. ಗದ್ದೆಯಲ್ಲಿ ವಾರಗಟ್ಟಲೆ ನೀರು ನಿಂತಾಗ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಗಾಳಿಯಿಲ್ಲದ ಕೆಸರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳು ಮೀಥೇನ್ ಉಂಟುಮಾಡುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಒಂದು ಟನ್ ಮೀಥೇನ್ ಭೂಮಿಯನ್ನು ಬಿಸಿ ಮಾಡುವ ಬಗೆ ಇಂಗಾಲದ ಡೈಆಕ್ಸೈಡ್‌ಗಿಂತ 27–30 ಪಟ್ಟು ಹೆಚ್ಚು. ಮನುಷ್ಯರಿಂದಾಗುವ ಮೀಥೇನ್‌ನಲ್ಲಿ ಹತ್ತಿರ ಹತ್ತಿರ ಹತ್ತರಲ್ಲೊಂದು ಪಾಲು ಜಗತ್ತಿನ ಭತ್ತದ ಗದ್ದೆಗಳದು. ಭತ್ತಕ್ಕೆ ಯೂರಿಯಾ ಸುರಿದರೆ ಅದರಿಂದ ನೈಟ್ರಸ್ ಆಕ್ಸೈಡ್ ಬರುತ್ತದೆ, ಅದು ಇನ್ನೂರೈವತ್ತು ಪಟ್ಟಿಗೂ ಹೆಚ್ಚು ಬಲದ್ದು. ತೊಗರಿ ಇದಕ್ಕೆ ತದ್ವಿರುದ್ಧ. ನಿಂತ ನೀರು ಬೇಡ, ಮೀಥೇನ್ ಇಲ್ಲ. ಗಾಳಿಯ ಸಾರಜನಕವನ್ನು ತನ್ನ ಬೇರಿನ ಗಂಟಿನಲ್ಲೇ ಕಟ್ಟಿಕೊಳ್ಳುವುದರಿಂದ ಯೂರಿಯಾ ಹಂಗೂ ಕಡಿಮೆ. ಅಂದರೆ ಕೊನೆ ಭಾಗದವನ ನೀರನ್ನು ಮೇಲ್ಭಾಗ ತಿಂದಾಗ ಎರಡು ಅನ್ಯಾಯ ಒಟ್ಟಿಗೆ ಆಗುತ್ತವೆ. ಒಂದು ಕಣ್ಣಿಗೆ ಕಾಣುವುದು, ಒಣಗಿದ ಹೊಲ. ಇನ್ನೊಂದು ಕಾಣದ್ದು, ಗಾಳಿಗೆ ಹೋದ ಮೀಥೇನ್. ಮೂರನೆಯದೂ ಇದೆ: ಅತಿ ನೀರು ಕುಡಿದ ಮೇಲ್ಭಾಗದ ಎರೆಭೂಮಿ ಸವಳು–ಜವಳಾಗಿ ಸಾಯುತ್ತದೆ. ಭತ್ತ ಬೆಳೆದವನ ಮಗನಿಗೂ ಉಳಿಯುವುದಿಲ್ಲ.

ಇಲ್ಲಿ ನನ್ನನ್ನು ತಡೆಯಬಲ್ಲ ಒಂದು ದೊಡ್ಡ ಮಾತಿದೆ. 1991ರಲ್ಲಿ ಅನಿಲ್ ಅಗರವಾಲ್ ಮತ್ತು ಸುನೀತಾ ನಾರಾಯಣ್ ಅಮೆರಿಕದ ಒಂದು ಸಂಸ್ಥೆಯ ಲೆಕ್ಕಾಚಾರವನ್ನು ಪ್ರಶ್ನಿಸಿ ಬರೆದರು. ಬಡವನ ಗದ್ದೆಯಿಂದ ಬರುವ ಮೀಥೇನ್ ಬದುಕಿನ ಅಗತ್ಯದ್ದು, ಶ್ರೀಮಂತನ ಕಾರಿನ ಹೊಗೆ ವಿಲಾಸದ್ದು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂಬುದು ಅವರ ವಾದದ ತಿರುಳು. ಆ ವಾದ ಇವತ್ತಿಗೂ ಸತ್ಯ. ಜಿನೀವಾದಲ್ಲಿ ಕೂತ ಯಾರೋ ನಮ್ಮ ಗದ್ದೆಯನ್ನು ತೋರಿಸಿ ತಮ್ಮ ಕಾರನ್ನು ಮರೆಸಲು ನೋಡಿದರೆ ನಾನೂ ಅಗರವಾಲರ ಪಕ್ಕದಲ್ಲೇ ನಿಲ್ಲುತ್ತೇನೆ. ಆದರೆ ಅದೇ ಪ್ರಶ್ನೆಯನ್ನು ಕಾಲುವೆಯ ಮೇಲೂ ಕೇಳಬೇಕಲ್ಲ? ಯಾರ ಬದುಕು, ಯಾರ ಅಗತ್ಯ? ಮಿತ ನೀರಾವರಿಗೆಂದು ಇದ್ದ ನೀರಿನಲ್ಲಿ ಒಬ್ಬ ವರ್ಷಕ್ಕೆ ಎರಡು ಬೆಳೆ ಭತ್ತ ತೆಗೆದು, ಇನ್ನೊಬ್ಬ ಒಂದು ಬೆಳೆ ಜೋಳಕ್ಕೂ ನೀರಿಲ್ಲದೆ ಮನೆಗೆ ಬೀಗ ಹಾಕಿ ಮುಂಬೈಗೆ ಹೋದರೆ, ಆ ಭತ್ತವನ್ನು ಬಡವನ ಬದುಕು ಎಂದು ಕರೆಯುವುದು ಹೇಗೆ? ಬದುಕಿನ ಅಗತ್ಯ ಎಂಬ ವಾದಕ್ಕೆ ಮೊದಲ ಹಕ್ಕುದಾರ ಕಾಲುವೆಯ ಕೊನೆಯವನು. ನೀರು ಅವನಿಗೆ ಸಲ್ಲಬೇಕಾದ್ದು ಅವನ ಹಕ್ಕಿನ ಕಾರಣಕ್ಕೆ. ಮೀಥೇನ್ ತಗ್ಗುವುದು ಅದರ ಹಿಂದೆ ತಾನಾಗಿ ಬರುವ ಲಾಭ.

ಹಾಗಾದರೆ ಭತ್ತ ಬೆಳೆದವರನ್ನು ಬೈಯಬೇಕೇ? ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡವರನ್ನು ಬೈಯುವುದು ನಮ್ಮಲ್ಲಿ ಬಹಳ ದಿನದ ರೂಢಿ. ಅದು ಸೋಮಾರಿತನ. ಅವರು ಕಲ್ಲು ಆಯ್ದು, ಮಡಿ ಕಟ್ಟಿ ದುಡಿದವರು. ಈಗ ಭತ್ತ ಹಚ್ಚುವವರಲ್ಲಿ ಸ್ಥಳೀಯರೂ ಧಾರಾಳವಾಗಿದ್ದಾರೆ. ರೈತ ಭತ್ತ ಹಚ್ಚುವುದು ಕಾನೂನು ಗೊತ್ತಿಲ್ಲದೆ ಅಲ್ಲ. ಭತ್ತಕ್ಕೆ ಗಿರಾಕಿ ಗ್ಯಾರಂಟಿ, ಮಳೆ ಹೆಚ್ಚಾದರೂ ಭತ್ತ ಸಾಯುವುದಿಲ್ಲ. ತೊಗರಿಗೆ ನೆಟೆ ರೋಗ, ಕಾಯಿಕೊರಕ, ಅದೆಲ್ಲ ದಾಟಿ ಮಾರುಕಟ್ಟೆಗೆ ಬಂದರೆ ಧಾರಣೆ ಕುಸಿತ. 2025–26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ, ಕೇಳಲು ಚೆನ್ನ. ಅದೇ ಹೊತ್ತಿಗೆ ತೊಗರಿಯ ಆಮದಿಗೆ ಸುಂಕವಿಲ್ಲ. 2021ರಿಂದ ಆ ವಿನಾಯಿತಿಯನ್ನು ಮತ್ತೆ ಮತ್ತೆ ಮುಂದುವರಿಸಿದ್ದಾರೆ. ಮೊಜಾಂಬಿಕ್‌ನ, ಮ್ಯಾನ್ಮಾರ್‌ನ ತೊಗರಿ ಹಡಗಿನಲ್ಲಿ ಬರುತ್ತದೆ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಗುರುತು ಕೊಟ್ಟು ಬೆನ್ನು ತಟ್ಟಿದ ಸರ್ಕಾರ, ಅದೇ ತೊಗರಿಯ ಧಾರಣೆಯನ್ನು ಬಂದರಿನಲ್ಲಿ ಕೆಡವುತ್ತದೆ. ಕಡಿಮೆ ನೀರು ಕುಡಿದು, ಕಡಿಮೆ ಹೊಗೆ ಬಿಟ್ಟು ಬೆಳೆಯುವ ಬೆಳೆಗೆ ಈ ಶಿಕ್ಷೆ. ಜೋಳದ ಕತೆಯೂ ಇದೇ. ಜೋಳದ ರೊಟ್ಟಿ ಉಂಡು ಬೆಳೆದ ನಾಡಿಗೆ ಪಡಿತರದಲ್ಲಿ ಅಕ್ಕಿಯನ್ನು ತುಂಬಿ, ಆಮೇಲೆ ‘ಸಿರಿಧಾನ್ಯ ತಿನ್ನಿ’ ಎಂದು ಮೇಳ ಮಾಡುತ್ತಾರೆ.

ಭತ್ತವನ್ನೇ ಬೆಳೆದರೂ ಮೀಥೇನ್ ತಗ್ಗಿಸಬಹುದು ಎನ್ನುವ ಮಾತೂ ಇದೆ, ಅದು ನಿಜ. ಗದ್ದೆಯನ್ನು ಸದಾ ತುಂಬಿಡದೆ, ನೀರು ನೆಲದಿಂದ ಹದಿನೈದು ಸೆಂಟಿಮೀಟರ್ ಕೆಳಗಿಳಿದ ಮೇಲೆ ಮತ್ತೆ ಹಾಯಿಸುವ ಪದ್ಧತಿಯಿಂದ ಮೀಥೇನ್ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇಳಿಯುತ್ತದೆ, ಇಳುವರಿ ಅಷ್ಟೇನೂ ಕುಗ್ಗುವುದಿಲ್ಲ. ನಾಟಿಯ ಬದಲು ಕೂರಿಗೆಯಿಂದ ಬಿತ್ತಿದರೂ ನೀರು ಉಳಿಯುತ್ತದೆ. ಹಾಗಿದ್ದೂ ರೈತ ಗದ್ದೆ ತುಂಬಿಯೇ ಇಡುತ್ತಾನೆ. ಏಕೆಂದರೆ ಮುಂದಿನ ಸರದಿ ಹೇಳಿದ ದಿನಕ್ಕೆ ಬರುತ್ತದೆ ಎಂಬ ನಂಬಿಕೆ ಅವನಿಗಿಲ್ಲ. ಬಂದಾಗ ತುಂಬಿಕೊ, ನಾಳೆಯದು ಯಾರಿಗೆ ಗೊತ್ತು. ಮೀಥೇನ್ ಹುಟ್ಟುವುದು ಕೆಸರಿನಲ್ಲಿ ಎನ್ನುತ್ತದೆ ವಿಜ್ಞಾನ. ಆ ಕೆಸರು ಹುಟ್ಟುವುದು ಈ ಅಪನಂಬಿಕೆಯಲ್ಲಿ. ಸರದಿ ಗಡಿಯಾರದಂತೆ ನಡೆದರೆ ಉಪದೇಶವೇ ಬೇಕಾಗುವುದಿಲ್ಲ.

ಆದರೆ ದೆಹಲಿಯಿಂದ ಬರುತ್ತಿರುವ ಉತ್ತರ ಬೇರೆ. ಅದರ ಹೆಸರು ಕಾರ್ಬನ್ ಕ್ರೆಡಿಟ್. 2024ರ ಜನವರಿಯಲ್ಲಿ ಕೇಂದ್ರ ಕೃಷಿ ಸಚಿವಾಲಯ ಕೃಷಿಯ ಸ್ವಯಂಪ್ರೇರಿತ ಕಾರ್ಬನ್ ಮಾರುಕಟ್ಟೆಗೆ ಚೌಕಟ್ಟೊಂದನ್ನು ಹೊರತಂದಿತು. ರೈತ ಹೊಗೆ ತಗ್ಗಿಸಬೇಕು, ತಗ್ಗಿಸಿದ್ದಕ್ಕೆ ಕ್ರೆಡಿಟ್ ಸಿಗುತ್ತದೆ, ಅದನ್ನು ಯಾವುದೋ ಕಂಪನಿ ಕೊಂಡು ತನ್ನ ಹೊಗೆಗೆ ಸಮ ಮಾಡಿಕೊಳ್ಳುತ್ತದೆ. ಈ ಲೆಕ್ಕದ ಒಳಗೊಂದು ಗಂಟಿದೆ. ಕ್ರೆಡಿಟ್ ಸಿಗುವುದು ‘ತಗ್ಗಿಸಿದ್ದಕ್ಕೆ’ ಮಾತ್ರ. ನಿನ್ನೆಯವರೆಗೆ ಗದ್ದೆ ತುಂಬಿಟ್ಟವನು ಇಂದು ಒಣಗಿಸಿದರೆ ಅವನಿಗೆ ಹಣ. ಮೂರು ತಲೆಮಾರಿನಿಂದ ತೊಗರಿ, ಸಜ್ಜೆ, ಜೋಳ ಬಿತ್ತುತ್ತಾ ಒಂದು ಹನಿ ಮೀಥೇನನ್ನೂ ಹುಟ್ಟಿಸದ ಕೊನೆ ಭಾಗದವನಿಗೆ ಏನೂ ಇಲ್ಲ, ಏಕೆಂದರೆ ತಗ್ಗಿಸಲು ಅವನ ಬಳಿ ಏನೂ ಇಲ್ಲ. ಕುಡಿತ ಬಿಟ್ಟವನಿಗೆ ಸನ್ಮಾನ, ಎಂದೂ ಕುಡಿಯದವನಿಗೆ ಸಭೆಯಲ್ಲಿ ಕುರ್ಚಿಯೂ ಇಲ್ಲ. ಮೊದಲು ನೀರು ತಿಂದವನಿಗೆ, ತಿನ್ನುವುದನ್ನು ಬಿಟ್ಟದ್ದಕ್ಕೆ ಎರಡನೇ ಸಲ ಲಾಭ. ಈ ಕ್ರೆಡಿಟ್‌ಗಳು ನಿಜವಾಗಿ ಏನನ್ನಾದರೂ ತಗ್ಗಿಸಿದವೇ ಎಂಬುದೂ ಗಟ್ಟಿಯಿಲ್ಲ. ಕ್ರೆಡಿಟ್‌ಗಳಿಗೆ ಮುದ್ರೆ ಒತ್ತುವ ವೆರಾ ಎಂಬ ಸಂಸ್ಥೆಯೇ 2024ರಲ್ಲಿ ಚೀನಾದ 37 ಭತ್ತದ ಯೋಜನೆಗಳನ್ನು ತಿರಸ್ಕರಿಸಬೇಕಾಯಿತು.

ಸೌರ ವಿದ್ಯುತ್ತಿನ ವಿಷಯದಲ್ಲೂ ನನ್ನ ಪ್ರಶ್ನೆ ಇಂಥದ್ದೇ. ಸೌರ ವಿದ್ಯುತ್ ಬೇಕು, ಬೇಗ ಬೇಕು. ಬಿಸಿಲು ನಮ್ಮಲ್ಲಿ ಬೇಕಾದಷ್ಟಿದೆ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಉದ್ಯಾನ ಬಂದಾಗ ಜಮೀನಿನ ಒಡೆಯರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಬಾಡಿಗೆ ಗೊತ್ತಾಯಿತು. ಜಮೀನು ಮಾರಿಸದೆ ಬಾಡಿಗೆಗೆ ಪಡೆದದ್ದು ಒಳ್ಳೆಯದೇ. ಆದರೆ ಆ ಜಮೀನಿನಲ್ಲಿ ಕಳೆ ಕಿತ್ತು, ಕುರಿ ಮೇಯಿಸಿ ಬದುಕಿದ ಭೂಮಿಯಿಲ್ಲದವರ ಹೆಸರು ಯಾವ ಪಹಣಿಯಲ್ಲಿತ್ತು ಎಂದು ಬಾಡಿಗೆ ಬರಬೇಕು? ಕಾರ್ಬನ್ ಹಣವಿರಲಿ, ಸೌರ ಬಾಡಿಗೆಯಿರಲಿ, ಬೆಳೆ ಪರಿಹಾರವಿರಲಿ, ಎಲ್ಲವೂ ಪಹಣಿಯ ಹಿಂದೆ ನಡೆಯುತ್ತವೆ. ಬಿಸಿಲು ಮಾತ್ರ ಪಹಣಿ ನೋಡುವುದಿಲ್ಲ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಕಾಲುವೆಯ ನೀರನ್ನು ಕೊನೆ ಭಾಗದಲ್ಲಿ ಅಳೆಯಿರಿ, ಆ ಅಳತೆಯನ್ನು ಪ್ರತಿ ಸರದಿಗೂ ಪಂಚಾಯಿತಿಯ ಗೋಡೆಯ ಮೇಲೆ ಬರೆಯಿರಿ. ದೂರದಿಂದ ಗೇಟು ಏರಿಸಬಲ್ಲ ಸರ್ಕಾರಕ್ಕೆ ಇದು ಕಷ್ಟವಲ್ಲ. ತೊಗರಿ, ಜೋಳ, ಸಜ್ಜೆಯನ್ನು ಬೆಂಬಲ ಬೆಲೆಗೆ ಕೊಳ್ಳಿರಿ, ಕೊಂಡ ಜೋಳವನ್ನು ಇದೇ ನಾಡಿನ ಪಡಿತರಕ್ಕೆ ಕೊಡಿರಿ, ಸುಗ್ಗಿಯ ಹೊತ್ತಿಗೆ ಆಮದಿನ ಬಾಗಿಲು ತೆರೆಯಬೇಡಿ. ಕಾರ್ಬನ್ ಹಣ ಬರುವುದೇ ಆದರೆ ಎಂದೂ ಹೊಗೆ ಬಿಡದ ಖುಷ್ಕಿ ಬೇಸಾಯಕ್ಕೆ ಮೊದಲ ಪಾಲು ಇರಲಿ. ಬಿಸಿಗಾಳಿಯ ದಿನಗಳಲ್ಲಿ ಕಚೇರಿಗೆ ಸಿಗುವ ಮಧ್ಯಾಹ್ನದ ಬಿಡುವು ಕೂಲಿಯವಳಿಗೂ ಕೂಲಿ ಸಮೇತ ಸಿಗಲಿ. ಇದರಲ್ಲಿ ಒಂದೂ ಹೊಸ ತಂತ್ರಜ್ಞಾನವಲ್ಲ. ಅರ್ಧದಷ್ಟು ಈಗಾಗಲೇ ಕಾಗದದ ಮೇಲಿದೆ. ನಡೆಯದೆ ಇರುವುದು ನಡೆಸಿದರೆ ಯಾರಿಗೋ ನೋವಾಗುತ್ತದೆ ಎಂಬ ಕಾರಣಕ್ಕೆ. ಮತ್ತು ಆ ಯಾರೋ ಮತ ಹಾಕಿಸುವ ಶಕ್ತಿ ಇರುವವರು ಎಂಬ ಕಾರಣಕ್ಕೆ.

ಹವಾಮಾನದ ಬಗ್ಗೆ ಬರೆಯಲು ಹೊರಟ ಕಿರಿಯ ಗೆಳೆಯರಿಗೆ, ಕವಿತೆಯಿರಲಿ ಪ್ರಬಂಧವಿರಲಿ, ಒಂದೇ ವಿನಂತಿ. ಕರಗುವ ಹಿಮದ ಬಗ್ಗೆ, ಅಳುವ ಭೂಮಿತಾಯಿಯ ಬಗ್ಗೆ ಈಗಾಗಲೇ ಸಾಕಷ್ಟಾಗಿದೆ. ನಿಮ್ಮ ಊರಿನ ಕಾಲುವೆ ಎಲ್ಲಿ ಒಣಗುತ್ತದೆ, ಅಲ್ಲಿಯವರೆಗೆ ಒಮ್ಮೆ ನಡೆದುಹೋಗಿ. ಅಲ್ಲಿ ನಿಂತು ‘ನಾವೆಲ್ಲರೂ ಕಾರಣ’ ಎಂದು ಜೋರಾಗಿ ಹೇಳಿ ನೋಡಿ. ಹೊಲದಲ್ಲಿರುವ ಯಾರಾದರೂ ತಲೆಯೆತ್ತಿ “ಯಾರ್ ಯಾರ್ರೀ?” ಎಂದು ಕೇಳಿದರೆ, ಹೆಸರು ಹೇಳಲು ತಯಾರಿರಿ.